ಎರಡರ ಮಗ್ಗಿ

ಶನಿವಾರಸಂತೆಯಲ್ಲಿ ಹಸಿಮೆಣಸಿನಕಾಯಿ ಮಾರುವ ಕಲ್ಲೇಶಪ್ಪ ಊರಿನ ನಾಟಕಗಳ ಕಾಯಂ ಹಾಸ್ಯಗಾರ. ಅವನು ಸಾವಿನ ಮನೆಗೆ ಬಂದರೂ ಜನ ನಗು ತಡೆದುಕೊಳ್ಳಬೇಕಾಗುತ್ತಿತ್ತು. ತಾಯಿ ಚನ್ನಬಸಮ್ಮನಿಗೆ ಕಿವಿ ಪೂರ್ತಿ ಹೋಗಿತ್ತು. ಮನೆಯಲ್ಲಿ ಅವನು ದನಿ ತೆಗೆಯದೆ, ತುಟಿ ಬಿಡಿಸಿ ಬಿಡಿಸಿ ಮಾತಾಡುತ್ತಿದ್ದ. ಆಕೆ ತುಟಿ ನೋಡಿಯೇ ತಿಳಿದುಕೊಂಡು, ಆಚೆ ಬೀದಿಗೆ ಕೇಳುವಂತೆ ಉತ್ತರ ಕೊಡುತ್ತಿದ್ದಳು.

ಫೋಟೋ ಸ್ಟುಡಿಯೋದ ನಾಗಾರ್ಜುನ ಐದಾರು ಮದುವೆ ವಿಡಿಯೋ ತೆಗೆದ ಮೇಲೆ ತನ್ನನ್ನು ನಿರ್ದೇಶಕನೆಂದು ಕರೆದುಕೊಳ್ಳತೊಡಗಿದ್ದ. ಮೈಕು ಕೆಟ್ಟಿದ್ದರಿಂದ ಮೂಕಿಚಿತ್ರಕ್ಕೆ ಕೈಹಾಕಿದ. ಕೇಳಿದವರಿಗೆ ‘ಮೌನದ ಭಾಷೆ’ ಎನ್ನುತ್ತಿದ್ದ. ನಾಯಕಿ, ಟೈಲರ್ ಶರ್ಮಿಳಾ. ಕಲ್ಲೇಶಪ್ಪ ತಾನೇ ಹೊಲಿಗೆ ಬಿಚ್ಚಿದ ಅಂಗಿಗಳನ್ನು ವರ್ಷಗಳಿಂದ ಅವಳ ಅಂಗಡಿಗೆ ಹೊತ್ತಿದ್ದ; ಹೇಳಬೇಕಾದ್ದನ್ನು ಮಾತ್ರ ಹೇಳಿರಲಿಲ್ಲ. ಈಗ ಅವಳಿಗೆ ಅರಕಲಗೂಡಿನ ಗಂಡು ಗೊತ್ತಾಗಿತ್ತು.

ಕೊನೆಯ ದೃಶ್ಯದಲ್ಲಿ ಜೋಕರ್ ವೇಷದ ಕಲ್ಲೇಶಪ್ಪ, ಬಸ್ಸು ಹತ್ತುವ ನಾಯಕಿಯನ್ನು ಬೀಳ್ಕೊಡಬೇಕು.

“ಸೌಂಡಿಲ್ಲ ಕಲ್ಲೇಶಣ್ಣ, ಏನ್ ಬೇಕಾದ್ರೂ ಅನ್ನು. ಮಗ್ಗಿ ಹೇಳಿದ್ರೂ ನಡೀತದೆ. ತುಟಿ ಆಡ್ಬೇಕು ಅಷ್ಟೆ,” ಎಂದ ನಾಗಾರ್ಜುನ.

ಕಲ್ಲೇಶಪ್ಪ ಮನೆಯ ರೂಢಿಯಂತೆ ದನಿಯಿಲ್ಲದೆ ತುಟಿ ಬಿಡಿಸಿದ. ನಿರ್ದೇಶಕರು ಚಪ್ಪಾಳೆ ತಟ್ಟಿದರು.

“ಯಾವ ಮಗ್ಗಿ ಹೇಳಿದ್ರಿ?” ಶರ್ಮಿಳಾ ಕೇಳಿದಳು.

“ಎರಡರದ್ದು.”

“ಬೇರೆ ಬರಲ್ವಾ?”

“ಇಲ್ಲ.”

ಸಮುದಾಯ ಭವನದಲ್ಲಿ ಚಿತ್ರ ತೋರಿಸಿದ ಸಂಜೆ ಊರೇ ಬಂದಿತ್ತು. ತೆರೆಯ ಮೇಲೆ ಬಸ್ಸು ಬಂತು. ಜೋಕರ್ ತುಟಿ ಬಿಡಿಸಿದ. ಹಿಂದಿನ ಸಾಲಿನಲ್ಲಿ ಮಗನ ಪಕ್ಕ ಕೂತಿದ್ದ ಚನ್ನಬಸಮ್ಮ ಗುಡುಗಿದಳು:

“ಏ ಕಲ್ಲೇಶಾ! ‘ಹೋಗ್ಬೇಡ ಶರ್ಮಿಳಾ, ನಿನ್ ಬಿಟ್ರೆ ನಂಗ್ಯಾರೂ ಬೇಡ’ ಅಂತಿದೀಯಲ್ಲೋ! ಸಿನಿಮಾದಲ್ಲಿ ಅವ್ಳ ಹೆಸ್ರು ಗೌರಿ ಅಂದಿದ್ದೆ?”

ಭವನ ನಕ್ಕು ನಕ್ಕು ಬಿದ್ದಿತು. ಕಲ್ಲೇಶಪ್ಪನೇ ಅಮ್ಮನಿಗೆ ಹೇಳಿಕೊಟ್ಟಿದ್ದಾನೆಂದು ಎಲ್ಲರೂ ತಿಳಿದರು. ಜನ ನಕ್ಕಾಗ ಎದ್ದು ಕೈಮುಗಿಯುವುದು ಅವನ ಅಭ್ಯಾಸ, ಎದ್ದು ಕೈಮುಗಿದ.

“ದಯವಿಟ್ಟು ನಿಶ್ಶಬ್ದ! ಇದು ಮೂಕಿಚಿತ್ರ!” ನಾಗಾರ್ಜುನ ಅರಚಿದ.

ನಗದೆ ಕೂತಿದ್ದವಳು ಶರ್ಮಿಳಾ ಒಬ್ಬಳೇ. ಮುಂದಿನ ಸಾಲಿನಿಂದ ತಿರುಗಿ, ಕಲ್ಲೇಶಪ್ಪನನ್ನೇ ನೋಡುತ್ತ ತುಟಿಯಲ್ಲೇ ಏನೋ ಅಂದಳು. ಗದ್ದಲದಲ್ಲಿ ಕೇಳಲಿಲ್ಲ. ಜೀವಮಾನವೆಲ್ಲ ತುಟಿಯಲ್ಲಿ ಮಾತಾಡಿದವನಿಗೆ ಇನ್ನೊಬ್ಬರ ತುಟಿ ಓದುವುದು ಗೊತ್ತಿರಲಿಲ್ಲ.

‘ಅವ್ವಾ, ಏನಂದ್ಲು?’ ಎಂದು ತಾಯಿಯ ಮುಂದೆ ತುಟಿ ಆಡಿಸಿದ.

ಚನ್ನಬಸಮ್ಮ ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವನ ಕಿವಿಗೆ ಬಾಯಿಟ್ಟು, ಹುಟ್ಟಿದಾಗಿನಿಂದ ಅವನು ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದಳು:

“‘ಆಗ್ಲೇ ಹೇಳ್ಬಾರ್ದಿತ್ತೇನ್ರೀ’ ಅಂದ್ಲು ಕಣಪ್ಪಾ.”