ಡ್ರೈವರ್ ತುಕಾರಾಮನ ಎಡಮಗ್ಗುಲು

ಕಲಬುರಗಿಯ ಸೇಡಂ ರಸ್ತೆಯ ವಕೀಲರ ಮನೆಗೆ ತುಕಾರಾಮ ಡ್ರೈವರಾಗಿ ಬಂದದ್ದು ೧೯೮೪ರಲ್ಲಿ. ಅವನ ಊರು ಕಮಲಾಪುರ. ಅಪ್ಪ ಇನ್ನೊಬ್ಬರ ಹೊಲದಲ್ಲಿ ದುಡಿದು ಸವೆದವನು. ಆ ಮನೆತನದಲ್ಲಿ ಸ್ಟೇರಿಂಗ್ ಹಿಡಿದವರಲ್ಲಿ ತುಕಾರಾಮನೇ ಮೊದಲಿಗ. ಶಹಾಬಾದಿ ಕಲ್ಲು ಸಾಗಿಸುವ ಲಾರಿಯಲ್ಲಿ ಮೊದಲು ಕ್ಲೀನರಾಗಿ, ಆಮೇಲೆ ಡ್ರೈವರಾಗಿ ಎಂಟು ವರ್ಷ ಧೂಳು ಕುಡಿದಿದ್ದ. ಬಿಳಿ ಅಂಗಿ ತೊಟ್ಟು ಕಾರು ನಡೆಸುವ ಕೆಲಸ ಸಿಕ್ಕಾಗ ಹೆಂಡತಿ ಶೇವಂತಾ ಎರಡು ದಿನ ನಂಬಿರಲಿಲ್ಲ.

ವಕೀಲರ ಹೆಂಡತಿ ಇಕ್ಬಾಲ್ ಬೇಗಂ ಸರಕಾರಿ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ಸು. ಮೊದಲ ದಿನ ಅವರು ತಾವು ಕುಡಿಯುವಂಥ ಕಪ್ಪಿನಲ್ಲೇ ಅವನಿಗೆ ಚಹಾ ಕೊಟ್ಟರು. ತುಕಾರಾಮ ಕಪ್ಪು ತೊಳೆದಿಡಲು ನಲ್ಲಿಯ ಕಡೆಗೆ ಹೊರಟರೆ, ಅಲ್ಲೇ ಇಡು ಎಂದರು. ಅದುವರೆಗೆ ಯಾವ ಮನೆಯಲ್ಲೂ ಅವನಿಗೆ ಹಾಗೆ ಹೇಳಿದವರಿರಲಿಲ್ಲ. ಅಂದಿನಿಂದ ಅವರು ಅವನಿಗೆ ಆಪಾ, ಅಂದರೆ ಅಕ್ಕ, ಆದರು.

ಆ ಮನೆಯ ಕಾರ್ ಶೆಡ್ಡು ಯಾವ ಡ್ರೈವರಿಗೂ ಬೇಡ ಅನ್ನಿಸುವಂಥದ್ದು. ಮನೆ ಕಟ್ಟಿ ಮುಗಿದ ಮೇಲೆ ವಕೀಲರಿಗೆ ಕಾರಿನ ಹುಚ್ಚು ಹತ್ತಿದ್ದರಿಂದ, ಗೋಡೆಗೂ ಕಂಪೌಂಡಿಗೂ ನಡುವೆ ಉಳಿದಿದ್ದ ಸಂದಿಗೇ ತಗಡು ಹೊದಿಸಿ, ಮುಂದೆ ಕಬ್ಬಿಣದ ಶಟರ್ ಕೂಡಿಸಿದ್ದರು. ಗೇಟಿನಿಂದ ಬಂದವನು ಅರ್ಧ ಸುತ್ತು ಹೊರಳಿ ಒಳಗೆ ಹೋಗಬೇಕು. ಫಿಯಾಟ್ ಒಳಗೆ ನಿಂತರೆ ಎರಡೂ ಕಡೆ ಒಂದೊಂದು ಮೊಳ ಜಾಗ. ಬಾಗಿಲು ಅರ್ಧ ತೆಗೆದು, ಹೊಟ್ಟೆ ಒಳಕ್ಕೆಳೆದುಕೊಂಡು ಇಳಿಯಬೇಕು. ತುಕಾರಾಮ ಒಂದೇ ಸಲಕ್ಕೆ, ಹಿಂದೆ ಮುಂದೆ ಮಾಡದೆ, ಗಾಡಿ ಒಳಗೆ ಹಾಕುತ್ತಿದ್ದ. ಮನೆಗೆ ಬಂದ ಕಕ್ಷಿದಾರರನ್ನು ವರಾಂಡದಲ್ಲಿ ನಿಲ್ಲಿಸಿ ವಕೀಲರು ಅದನ್ನು ತೋರಿಸುತ್ತಿದ್ದರು. ತುಕಾರಾಮ ಯಾರ ಕಡೆಗೂ ನೋಡದೆ ಇಳಿದು ಶಟರ್ ಎಳೆಯುತ್ತಿದ್ದ. ಆದರೆ ಆ ಹೊತ್ತಿಗೆ ಅವನ ನಡಿಗೆಯೇ ಬೇರೆಯಾಗುತ್ತಿತ್ತು.

ಹತ್ತು ವರ್ಷದ ನಂತರ ವಕೀಲರು ತೀರಿಕೊಂಡರು. ಬೇಗಮರು ಕಾರು ಮಾರಲಿಲ್ಲ, ಡ್ರೈವರನ್ನೂ ಬಿಡಲಿಲ್ಲ. ಶೆಡ್ಡಿಗೆ ಹೊಂದಿದ ಸಣ್ಣ ಕೋಣೆಯಲ್ಲಿ ತುಕಾರಾಮ ಇರುತ್ತಿದ್ದ. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ, ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತಿದ್ದ. ಶೇವಂತಾ ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು.

೧೯೯೭ರ ಬೇಸಿಗೆಯಲ್ಲಿ ಮೊದಲು ಗಮನಿಸಿದವಳು ಅವಳೇ. ಊಟಕ್ಕೆ ಕೂತಾಗ ಎಡಕ್ಕಿಟ್ಟ ನೀರಿನ ತಂಬಿಗೆ ಅವನ ಕೈ ತಾಗಿ ಮೂರು ವಾರ ಮೇಲಿಂದ ಮೇಲೆ ಉರುಳಿತು. ನಾಲ್ಕನೆಯ ವಾರ ಅವಳು ತಂಬಿಗೆಯನ್ನು ಬಲಕ್ಕಿಟ್ಟಳು. ಅದು ಉರುಳಲಿಲ್ಲ.

"ಎಡಕ್ಕಿದ್ದದ್ದು ನಿಮಗ ಕಾಣವಲ್ದು," ಎಂದಳು. "ಕಣ್ಣು ತೋರಿಸ್ಕೋರಿ."

ಅವನು ಕಲಬುರಗಿಯಲ್ಲಿ ಕಣ್ಣಿನ ಡಾಕ್ಟರರ ಹತ್ತಿರ ಒಬ್ಬನೇ ಹೋದ. ಮೋತಿಬಿಂದು, ಕಣ್ಣಿನ ಪೊರೆ, ಇರಬೇಕು, ಆಪರೇಷನ್ ಮಾಡಿದರೆ ಹೋಗುತ್ತದೆ ಎಂಬ ಧೈರ್ಯದಲ್ಲಿದ್ದ. ಡಾಕ್ಟರು ಬಹಳ ಹೊತ್ತು ನೋಡಿ, ಇದು ಮೋತಿಬಿಂದು ಅಲ್ಲ, ಕಾಲಾ ಮೋತಿ, ಗ್ಲಾಕೋಮಾ ಎಂದರು. ಕಣ್ಣಿನೊಳಗೆ ಒತ್ತಡ ಹೆಚ್ಚಿ ಅಂಚಿನಿಂದ ನೋಟ ಸಾಯುತ್ತಾ ಬರುತ್ತದೆ. ಎಡಗಣ್ಣು ಬಹಳ ಹೋಗಿದೆ, ಬಲಗಣ್ಣಿಗೂ ಹತ್ತಿದೆ. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ದಿನಾ ಹನಿ ಹಾಕಿಕೊಳ್ಳಬೇಕು ಎಂದು ತಿಳಿಸಿ ಹೇಳಿದರು. ಕೊನೆಗೆ, ಏನು ಕೆಲಸ ಮಾಡುತ್ತೀ ಎಂದು ಕೇಳಿದರು.

ಮಾಲಿ ಕೆಲಸ ಎಂದ ತುಕಾರಾಮ.

ಅದೊಂದು ಸುಳ್ಳು ಅವನನ್ನು ಮುಂದೆ ನಾಲ್ಕು ವರ್ಷ ತಿಂದಿತು. ನಿಜ ಹೇಳಿದ್ದರೆ ಡಾಕ್ಟರು ಗಾಡಿ ಮುಟ್ಟಬೇಡ ಅನ್ನುತ್ತಿದ್ದರು. ಯಾರೂ ಬೇಡ ಅಂದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುವ ದಾರಿಯೊಂದನ್ನು ಅವನು ಹಾಗೆ ಉಳಿಸಿಕೊಂಡ. ಆಪಾಗೆ ಹೇಳಿಬಿಡಿ ಎಂದು ಶೇವಂತಾ ಎಷ್ಟೋ ಸಲ ಅಂದಳು. ಒಮ್ಮೆ ಮಾತ್ರ ಅವನು ಉತ್ತರ ಕೊಟ್ಟ.

"ಹೇಳಿದ್ರ ಗಾಡಿ ಕೀಲಿ ಕೊಡಬೇಕಾಗ್ತದ. ಕೀಲಿ ಕೊಟ್ಟ ಮ್ಯಾಲ ನಾ ಯಾರು?"

ರಸ್ತೆಯ ಮೇಲೆ ಹೇಗೋ ನಡೆಯುತ್ತಿತ್ತು. ಮನೆಯಿಂದ ಶಾಲೆಗೆ ಹೋಗುವ ದಾರಿ ಅವನ ಕೈಕಾಲಿಗೇ ಗೊತ್ತಿತ್ತು. ನಿಧಾನ ಹೋಗುತ್ತಿದ್ದ, ಕುತ್ತಿಗೆಯನ್ನು ಗಳಿಗೆಗೊಮ್ಮೆ ಎಡಕ್ಕೆ ಹೊರಳಿಸುತ್ತಿದ್ದ. ಸೂಪರ್ ಮಾರ್ಕೆಟ್ ಎಂಬ ಗಿಜಿಗುಡುವ ಪೇಟೆಯೊಳಗೆ ಗಾಡಿ ಒಯ್ಯುವುದನ್ನು ಬಿಟ್ಟ; ಆಟೋದವರ ಕಾಟ ಎಂದು ಹೇಳಿ, ಗಾಡಿ ದೂರ ನಿಲ್ಲಿಸಿ, ಬೇಗಮರ ಸಾಮಾನನ್ನು ತಾನೇ ನಡೆದು ತರುತ್ತಿದ್ದ. ಒಂದು ದಿನ ಎಡಗಡೆಯಿಂದ ಸೈಕಲ್ಲಿನವನೊಬ್ಬ ಬಾನೆಟ್ಟಿಗೆ ಕೈ ಬಡಿದು ಬೈದು ಹೋದ. ಅವನು ಎಲ್ಲಿಂದ ಬಂದ ಎಂಬುದೇ ತುಕಾರಾಮನಿಗೆ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಕಾರು ತೆಗೆದ.

ಅವನನ್ನು ಸೋಲಿಸಿದ್ದು ಶೆಡ್ಡು. ಮೊದಲು ಎಡಗಡೆಯ ಕಂಬಕ್ಕೆ ಕಾರು ಉಜ್ಜಿತು. ಗೆರೆಯನ್ನು ತಾನೇ ಪಾಲಿಶ್ ತಿಕ್ಕಿ ಮರೆಸಿದ. ಆಮೇಲೆ ಶಟರ್. ಅದರ ಸ್ಪ್ರಿಂಗ್ ಹಳೆಯದಾಗಿ ಸತ್ವ ಕಳೆದುಕೊಂಡಿತ್ತು. ಮೇಲಕ್ಕೆ ತಳ್ಳಿ ಬಿಟ್ಟರೆ ಮೆಲ್ಲಗೆ ತಾನಾಗಿಯೇ ಕೆಳಗೆ ಜಾರುತ್ತಿತ್ತು. ಒಂದು ಸಂಜೆ ಅದು ಜಾರಿದ್ದು ಕಾಣದೆ ಅವನು ಗಾಡಿ ನುಗ್ಗಿಸಿದಾಗ ಕಾರಿನ ಮೇಲಿನ ತಗಡು ತರಚಿತು.

ಮಿಸ್ತ್ರಿಯನ್ನು ಕರೆದು ಸ್ಪ್ರಿಂಗ್ ಹಾಕಿಸಬೇಕಿತ್ತು. ಅದಕ್ಕೆ ಬೇಗಮರಿಗೆ ಹೇಳಬೇಕು. ಹೇಳಿದರೆ ಅವರು ನೋಡಲು ಶೆಡ್ಡಿಗೆ ಬರುತ್ತಾರೆ. ಮೊಣಕಾಲು ನೋವಿನಿಂದ ಅವರು ಗೇಟಿನ ಹತ್ತಿರವೇ ಕಾರು ಹತ್ತಿ ಇಳಿಯುತ್ತಿದ್ದರು. ಶೆಡ್ಡಿಗೆ ಕಾಲಿಟ್ಟು ವರ್ಷಗಳಾಗಿದ್ದವು. ತುಕಾರಾಮ ಅವರಿಗೆ ಹೇಳದೆ, ಶಟರಿನ ಕೆಳಗೆ ಒಂದು ಕಟ್ಟಿಗೆಯ ಆಸರೆ ಕೊಟ್ಟು ನಡೆಸತೊಡಗಿದ.

ಒಳಗೆ ಒಂದೊಂದೇ ಗುರುತು ಮಾಡಿಕೊಂಡ. ಜಂತಿಯಿಂದ ದಾರ ಕಟ್ಟಿ ಹಳೆಯ ರಬ್ಬರ್ ಚೆಂಡೊಂದನ್ನು ಇಳಿಬಿಟ್ಟ. ಅದು ಎದುರಿನ ಗಾಜಿಗೆ ತಾಗಿದರೆ ಅಲ್ಲಿಗೆ ನಿಲ್ಲಬೇಕು. ಎಡಗೋಡೆಗೆ ಸವೆದ ಟಯರನ್ನು ಮೊಳೆ ಹೊಡೆದು ಕೂಡಿಸಿದ. ನೆಲದ ಮೇಲೆ ಎಡಗಡೆಗೆ ಇಟ್ಟಿಗೆಯ ಸಾಲಿಟ್ಟು, ಗಾಲಿ ಅದಕ್ಕೆ ಉಜ್ಜುವ ಸದ್ದು ಕೇಳಿ ಗಾಡಿ ನೇರ ಮಾಡಿಕೊಳ್ಳುತ್ತಿದ್ದ. ಎಡಗಂಬಕ್ಕೆ ಬಿಳಿ ಅರಿವೆ ಸುತ್ತಿದ. ಇಷ್ಟೆಲ್ಲಾ ಇದ್ದದ್ದರಿಂದ ಕಾರಿಗೆ ಮತ್ತೆ ಗೆರೆ ಬೀಳಲಿಲ್ಲ. ತುಕಾರಾಮನಂಥ ಜೋಪಾನದ ಡ್ರೈವರ್ ಈ ಊರಿನಲ್ಲಿಲ್ಲ ಎಂದು ಬೇಗಮರು ಶಾಲೆಯಲ್ಲಿ ಹೇಳುವುದು ಅವನ ಕಿವಿಗೂ ಬಿತ್ತು. ಅದನ್ನು ಕೇಳುವುದು ಅವನಿಗೆ ಬಹಳ ಕಷ್ಟವಾಯಿತು.

೨೦೦೧ರಲ್ಲಿ ಬೇಗಮರು ನಿವೃತ್ತರಾದರು. ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ, ಮನೆ ಮಾರಿ ಹೈದರಾಬಾದಿನಲ್ಲಿ ತಂಗಿಯ ಜೊತೆ ಇರುವುದೆಂದು ನಿಶ್ಚಯ ಮಾಡಿದರು. ಸೂಪರ್ ಮಾರ್ಕೆಟ್ಟಿನ ಬಟ್ಟೆ ವ್ಯಾಪಾರಿ ಅಮೋಘಪ್ಪ ಕೊಳ್ಳಲು ಮುಂದೆ ಬಂದ. ಅವನ ಮಾರುತಿಗೆ ಡ್ರೈವರ್ ಬೇಕಿತ್ತು. ಮನೆಯ ಜೊತೆಗೆ ನಮ್ಮ ತುಕಾರಾಮನನ್ನೂ ಇಟ್ಟುಕೊಳ್ಳಿ ಎಂದು ಬೇಗಮರು ಕೇಳಿದರು. ಅಮೋಘಪ್ಪ ಸಂತೋಷದಿಂದ ಒಪ್ಪಿದ. ಈ ಸುದ್ದಿಯನ್ನು ಬೇಗಮರು ಉಡುಗೊರೆ ಕೊಟ್ಟ ಹಾಗೆ ಹೇಳಿದಾಗ ತುಕಾರಾಮ ಕೈ ಮುಗಿದು ನಿಂತ. ಹೊಸ ದಾರಿ, ಹೊಸ ಗಾಡಿ, ದಿನಕ್ಕೆರಡು ಸಲ ಸೂಪರ್ ಮಾರ್ಕೆಟ್. ಆಗಲೂ ಅವನು ಕಣ್ಣಿನ ಮಾತು ಹೇಳಲಿಲ್ಲ.

ಅಮೋಘಪ್ಪ ಎಚ್ಚರದ ಮನುಷ್ಯ. ಕರಾರಿಗೆ ಮೊದಲು ಮನೆಯನ್ನು ಪರೀಕ್ಷೆ ಮಾಡಿಸಲು ನಿವೃತ್ತ ಇಂಜಿನಿಯರ್ ಕಾಶಿರಾಯರನ್ನು ಒಂದು ಭಾನುವಾರ ಕರೆತರುವುದಾಗಿ ಹೇಳಿ ಕಳಿಸಿದ. ತುಕಾರಾಮ ಆ ವಾರ ಊರಿಗೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ಕಂಬದ ಅರಿವೆ ಬಿಚ್ಚಿದ. ಚೆಂಡನ್ನೂ ಬಿಚ್ಚಲು ಕೈ ಎತ್ತಿದ. ಆದರೆ ಅಂದೇ ಬೇಗಮರನ್ನು ಬ್ಯಾಂಕಿನ ಮ್ಯಾನೇಜರ್ ಮನೆಗೆ ಕರೆದೊಯ್ದು ತರುವುದಿತ್ತು. ಚೆಂಡು, ಇಟ್ಟಿಗೆ ಇಲ್ಲದೆ ತಿರುಗಿ ಗಾಡಿ ಒಳಗೆ ಹಾಕಲು ಅವನಿಂದ ಆಗುತ್ತಿರಲಿಲ್ಲ. ಕೈ ಇಳಿಸಿದ.

ಕಾಶಿರಾಯರು ಅಮೋಘಪ್ಪನ ಜೊತೆ ಮಧ್ಯಾಹ್ನ ಬಂದರು. ಗೋಡೆಗಳಿಗೆ ಬೆರಳಿನಿಂದ ಬಡಿದು ಸಪ್ಪಳ ಕೇಳಿದರು, ಛಾವಣಿ ಹತ್ತಿ ನೀರು ನಿಲ್ಲುವ ಜಾಗ ನೋಡಿದರು, ಬಚ್ಚಲಿಗೆ ಬಕೆಟ್ ನೀರು ಸುರಿದು ಯಾವ ಕಡೆಗೆ ಹರಿಯುತ್ತದೆಂದು ಕಾದರು. ಕೊನೆಗೆ ಶೆಡ್ಡಿಗೆ ಬಂದರು. ಕಾರನ್ನು ತುಕಾರಾಮ ಆಗಲೇ ಅಂಗಳಕ್ಕೆ ತೆಗೆದಿದ್ದ.

ಚೆಂಡು ಯಾಕೆ ಎಂದು ಅವರು ಕೇಳಿದರು. ಗಾಡಿ ನಿಲ್ಲಿಸುವ ಗುರುತಿಗೆ ಎಂದ. ಒಳ್ಳೆಯ ಉಪಾಯ ಎಂದು ಅವರು ಮೆಚ್ಚಿದರು. ಆಮೇಲೆ ಟಯರ್ ನೋಡಿದರು, ಇಟ್ಟಿಗೆಯ ಸಾಲು ನೋಡಿದರು. ಇದೆಲ್ಲಾ ಎಡಗಡೆಗೇ ಯಾಕೆ ಎಂದು ಕೇಳಿದರು. ಆ ಕಡೆ ಜಾಗ ಕಡಿಮೆ ಎಂದ ತುಕಾರಾಮ. ಕಾಶಿರಾಯರು ಜೇಬಿನಿಂದ ಟೇಪು ತೆಗೆದು, ಚೆಂಡಿನ ನೇರದಿಂದ ಎರಡೂ ಗೋಡೆಗಳಿಗೆ ಅಳೆದರು. ಎರಡೂ ಕಡೆ ಅಷ್ಟೇ ಇತ್ತು. ಅವರು ಅವನ ಮುಖ ನೋಡಿ ಹಿಂಗೋಡೆಯ ಕಡೆಗೆ ಹೋದರು.

ವರಾಂಡದಲ್ಲಿ ಕೂತಿದ್ದ ಬೇಗಮರಿಗೆ ಚೆಂಡು, ಟಯರ್ ಎಂಬ ಮಾತು ಕೇಳಿ ಕುತೂಹಲವಾಯಿತು. ಕೋಲೂರಿಕೊಂಡು ಮೆಲ್ಲಗೆ ಬಂದು, ಶೆಡ್ಡಿನ ಹೊಸ್ತಿಲಲ್ಲಿ, ತುಕಾರಾಮನ ಎಡಕ್ಕೆ, ಕಂಬ ಹಿಡಿದು ನಿಂತರು. ಒಳಗೆ ಹಿಂಗೋಡೆಯ ಬಿರುಕು ನೋಡುತ್ತಿದ್ದ ಕಾಶಿರಾಯರು ಬೆನ್ನು ತಿರುಗಿಸಿದ್ದ ಹಾಗೆಯೇ, ಶಟರ್ ಒಮ್ಮೆ ಇಳಿಸಿ ತೋರಿಸಪ್ಪಾ ಎಂದರು.

ತುಕಾರಾಮ ಕಟ್ಟಿಗೆ ತೆಗೆದು ಎಳೆದ. ಸ್ಪ್ರಿಂಗಿನ ಹಿಡಿತವಿಲ್ಲದ ಶಟರ್ ಕೈ ತಪ್ಪಿ ಒಮ್ಮೆಲೇ ಇಳಿಯಿತು. ಅದರ ಕೆಳಗಿನ ಕಬ್ಬಿಣದ ಪಟ್ಟಿ ಬೇಗಮರ ಹೆಗಲಿಗೆ ಬಡಿಯಿತು. ಅವರು ಮೊಣಕಾಲ ಮೇಲೆ ಕುಸಿದರು. ಅಮೋಘಪ್ಪ ಶೆಡ್ಡಿನೊಳಗಿನಿಂದ ಓಡಿ ಬಂದು ಪಟ್ಟಿಯನ್ನು ಎತ್ತಿ ಹಿಡಿಯದಿದ್ದರೆ ಅದು ಅವರ ಬೆನ್ನ ಮೇಲೆ ಕೂರುತ್ತಿತ್ತು.

ಬೇಗಮರು ನೆಲದ ಮೇಲೆ ಕೂತು ಅವನನ್ನೇ ನೋಡಿದರು.

"ನಾ ಇಲ್ಲೇ ನಿಂತಿದ್ದೆ, ತುಕಾರಾಮ್. ನಿನ್ನ ಬಾಜೂಕ. ಕಾಣಲಿಲ್ಲೇನು?"

"ಇಲ್ಲರಿ, ಆಪಾ."

"ಯಾವಾಗಿಂದ?"

"ನಾಕು ವರ್ಷ ಆತ್ರಿ."

ಕಾಶಿರಾಯರು ತಲೆ ತಗ್ಗಿಸಿ ಟೇಪು ಸುತ್ತಿಕೊಂಡರು. ಅಂದು ಬೇಗಮರನ್ನು ಆಸ್ಪತ್ರೆಗೆ ಕರೆದೊಯ್ದದ್ದು ಆಟೋದಲ್ಲಿ. ತುಕಾರಾಮ ಗೇಟಿನವರೆಗೆ ಬಂದು ಅಲ್ಲೇ ನಿಂತ. ಬಾ ಎಂದು ಯಾರೂ ಕರೆಯಲಿಲ್ಲ.

ಹೆಗಲಿನ ಮೂಳೆ ಬಿರುಕು ಬಿಟ್ಟಿತ್ತು. ಕೈಯನ್ನು ಕೊರಳಿಗೆ ಕಟ್ಟಿದ ಪಟ್ಟಿಗೆ ಹಾಕಿಕೊಂಡು ಬಂದ ಬೇಗಮರು ಅವನನ್ನು ಕರೆದದ್ದು ಮೂರನೆಯ ದಿನ. ಅವರು ಬಯ್ಯುತ್ತಾರೆ ಎಂದುಕೊಂಡಿದ್ದ. ಬಯ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಪರೀಕ್ಷಾ ದಿನ ಊರಾಚೆ ಹುಡುಗೇರನ್ನ ನಾನೇ ಗಾಡ್ಯಾಗ ಕೂಡಿಸೀನಿ," ಎಂದರು. "ತುಕಾರಾಮ್ ಅದಾನ, ಫಿಕರ್ ಮಾಡಬ್ಯಾಡ್ರಿ ಅಂತ ಅವರವ್ವಂದಿರಿಗೆ ಹೇಳೀನಿ. ಏನರೆ ಆಗಿದ್ರ ನಾ ಅವರಿಗೆ ಏನು ಹೇಳ್ತಿದ್ದೆ?"

ಆ ಹುಡುಗಿಯರ ಮುಖಗಳು ಅವನಿಗೂ ನೆನಪಿದ್ದವು. ನೆಲ ನೋಡುತ್ತಾ ನಿಂತ. ಬೇಗಮರೇ, ನನಗೊಂದು ಮಾತು ಹೇಳಿದ್ದರೆ ಆಗಲೇ ದೊಡ್ಡ ಡಾಕ್ಟರಿಗೆ ತೋರಿಸುತ್ತಿದ್ದೆನಲ್ಲ ಎಂದು ಅತ್ತರು.

ಆ ತಿಂಗಳೇ ಅವನನ್ನು ಹೈದರಾಬಾದಿಗೆ ರೈಲಿನಲ್ಲಿ ಕರೆದೊಯ್ದರು. ಅಲ್ಲಿನ ಡಾಕ್ಟರು ಮಶೀನಿನಲ್ಲಿ ನೋಡಿ ಅವೇ ಮಾತು ಹೇಳಿದರು. ನಡುವೆ ಒಂದು ಸಣ್ಣ ಕಿಂಡಿಯಷ್ಟು ನೋಟ ಉಳಿದಿದೆ, ಹನಿ ಬಿಡಬೇಡ.

ಮನೆ ಮಾರಾಟ ನಿಲ್ಲಲಿಲ್ಲ. ಕಾಶಿರಾಯರು ಬರೆದುಕೊಟ್ಟ ಪಟ್ಟಿಯಲ್ಲಿ ಶಟರ್ ತೆಗೆಸಬೇಕು ಎಂಬುದು ಮೊದಲು ಇತ್ತು. ಅಮೋಘಪ್ಪ ಅದನ್ನು ಕೀಳಿಸಿ ಎರಡು ರೆಕ್ಕೆಯ ಕಬ್ಬಿಣದ ಬಾಗಿಲು ಹಾಕಿಸಿದ. ಡ್ರೈವರಿನ ಮಾತು ಅವನೂ ತೆಗೆಯಲಿಲ್ಲ, ಬೇಗಮರೂ ತೆಗೆಯಲಿಲ್ಲ.

ಹೊರಡುವ ಹಿಂದಿನ ದಿನ ತುಕಾರಾಮ ಒಂದು ಚೀಟಿ ಕೇಳಿದ. ಹದಿನೇಳು ವರ್ಷ ನಿಮ್ಮಲ್ಲಿ ದುಡಿದೆ ಎಂದು ಬರೆದುಕೊಟ್ಟರೆ ಎಲ್ಲಾದರೂ ಕಾವಲಿನ ಕೆಲಸವಾದರೂ ಸಿಕ್ಕೀತು ಎಂದ. ಬೇಗಮರು ಆಯುಷ್ಯದಲ್ಲಿ ಸಾವಿರಾರು ಹುಡುಗಿಯರಿಗೆ ನಡತೆಯ ಪತ್ರ ಬರೆದವರು. ಕಾಗದ ತೆಗೆದುಕೊಂಡು ಹೆಸರು, ಊರು, ವರ್ಷ ಬರೆದರು. ಮುಂದಿನ ಸಾಲು ಅವರ ಕೈಯಿಂದ ಬರಲಿಲ್ಲ. ಪ್ರಾಮಾಣಿಕ ಎಂದು ಬರೆಯಲು ಹೋಗಿ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ಕಾಣುವುದಿಲ್ಲ ಎಂದು ಬರೆದರೆ ಯಾರೂ ಕರೆಯುವುದಿಲ್ಲ. ಬರೆಯದಿದ್ದರೆ ಮತ್ತೆ ಯಾರಾದರೂ ಕೀಲಿ ಕೊಟ್ಟಾರು. ಕೊನೆಗೆ ಕಾಗದ ಮಡಚಿ ಕೈಯಲ್ಲೇ ಹಿಡಿದುಕೊಂಡರು.

"ನನ್ನಿಂದ ಆಗವಲ್ದು, ತುಕಾರಾಮ್," ಎಂದರು.

"ಇರ್ಲಿ ಬಿಡ್ರಿ, ಆಪಾ," ಎಂದು ಅವನೇ ಸಮಾಧಾನ ಹೇಳಿದ.

ಕಮಲಾಪುರಕ್ಕೆ ಬಂದ ಮೇಲೆ ಅವನು ಶೇವಂತಾಳ ಬುಟ್ಟಿಯ ಪಕ್ಕದಲ್ಲಿ ಕೂರತೊಡಗಿದ. ಹನಿಯ ಸೀಸೆ ಅಲ್ಲಿ ಸಿಗುತ್ತಿರಲಿಲ್ಲ. ಕಲಬುರಗಿಗೆ ಹೋಗುವ ಕಂಡಕ್ಟರುಗಳ ಕೈಯಲ್ಲಿ ತರಿಸುತ್ತಿದ್ದರು, ಕೆಲವು ಸಲ ತಪ್ಪುತ್ತಿತ್ತು. ಲೈಸೆನ್ಸಿನ ಅವಧಿ ಮುಗಿಯಿತು. ನೋಟದ ಕಿಂಡಿ ವರ್ಷ ವರ್ಷಕ್ಕೂ ಚಿಕ್ಕದಾಯಿತು. ಹೈದರಾಬಾದಿನಿಂದ ಬೇಗಮರು ಎರಡು ಸಲ ಟೆಲಿಫೋನ್ ಬೂತಿಗೆ ಕರೆ ಮಾಡಿ ಹನಿ ಹಾಕುತ್ತಿದ್ದೀಯಾ ಎಂದು ಕೇಳಿದರು. ಹಾಕುತ್ತಿದ್ದೇನೆ ಎಂದ. ಮೂರನೆಯ ಸಲ ಕರೆ ಬರಲಿಲ್ಲ.

೨೦೦೪ರಲ್ಲಿ ಅವನ ತಂಗಿಯ ಮಗ ದತ್ತಪ್ಪ ಹಳೆಯ ಟೆಂಪೋ ಒಂದನ್ನು ಕೊಂಡು ತಂದ. ಓಣಿಯಲ್ಲಿ ಡ್ರೈವರ್ ಅಂದರೆ ಇನ್ನೂ ತುಕಾರಾಮನೇ. ಮೊದಲು ಮಾವ ಕೂರಬೇಕು ಎಂದು ದತ್ತಪ್ಪ ಕೈ ಹಿಡಿದು ಸೀಟಿಗೆ ಹತ್ತಿಸಿದ. ತುಕಾರಾಮ ಸ್ಟೇರಿಂಗನ್ನು ಎರಡೂ ಕೈಯಿಂದ ಸವರಿದ, ಕೀಲಿ ತಿರುವಿದ. ಇಂಜಿನ್ ಹತ್ತಿತು. ಗಾಡಿಯ ಸುತ್ತ ನಿಂತಿದ್ದ ಜನ ದಾರಿ ಬಿಟ್ಟರು. ಅವನು ಗೇರಿಗೆ ಕೈ ಹಾಕಲಿಲ್ಲ; ಇಂಜಿನಿನ ಕಟಕಟ ಸದ್ದಿಗೆ ಕಿವಿ ಕೊಟ್ಟ.

"ಟ್ಯಾಪೆಟ್ ಸಡಲ ಆಗ್ಯಾವ. ತೋರಿಸ್ಕೋ," ಎಂದ.

ಇಂಜಿನ್ ಆರಿಸಿ, ಕಾಲಿನಿಂದ ಮೆಟ್ಟಿಲು ತಡವಿ, ಇಳಿದು ನಿಂತ.