ಓಡೀಲತ್ತೆ ಹೇಳಿದ ದಂಡ

ನನ್ನ ಅಕ್ಷರ ಚೆನ್ನಾಗಿಲ್ಲ, ಪದಗಳೂ ಕಡಿಮೆ. ಹೋದ ವರ್ಷ ಶಾಲೆ ಬಿಟ್ಟ ಮೇಲೆ ಅಂಗಡಿ ಸಾಮಾನಿನ ಚೀಟಿ ಬಿಟ್ಟು ಬೇರೇನೂ ಬರೆದಿಲ್ಲ. ತಪ್ಪಿದ್ದರೆ ಕ್ಷಮಿಸಿ. ಊರಿನ ಪತ್ರಿಕೆಗೆ ನಮ್ಮವರೊಬ್ಬರ ಬಗ್ಗೆ ಬರೆದುಕೊಡು ಎಂದು ಗ್ರಂಥಾಲಯದವರು ಕೇಳಿದ್ದರು. ನನ್ನ ಸೋದರತ್ತೆ ಓಡೀಲ್ ಬಗ್ಗೆ ಬರೆಯುತ್ತಿದ್ದೇನೆ.

ಅತ್ತೆ ಹುಟ್ಟಿದ್ದು ಈಗ ಕೆಲಸ ಮಾಡುವ ಮನೆಯಲ್ಲೇ. ಆಗ ಕೆಳಗೆ ಹಸು, ಅಟ್ಟದಲ್ಲಿ ಹುಲ್ಲು, ನಡುವೆ ಜನ. ಅಜ್ಜ ಮಾರಿದ ಮೇಲೆ ಹೊಸ ಯಜಮಾನರು ಅದನ್ನು ಸ್ಕೀ ಆಡಲು ಬರುವ ಶ್ರೀಮಂತರಿಗೆ ವಾರದ ಬಾಡಿಗೆಗೆ ಕೊಡುವ ಮನೆಯನ್ನಾಗಿ ಮಾಡಿದರು. ಹಸು ಕಟ್ಟುತ್ತಿದ್ದ ಜಾಗದಲ್ಲಿ ಈಗ ಬಿಸಿನೀರಿನ ಕೊಳವಿದೆ. ಅತ್ತೆ ಮನೆಯ ಜೊತೆಗೇ ಉಳಿದುಕೊಂಡರು. ಅಡುಗೆ, ಹಾಸಿಗೆ, ಒಲೆ ಎಲ್ಲ ಅವರದೇ. ಬೇಜಾರಿಲ್ಲವಾ ಎಂದು ಯಾರಾದರೂ ಕೇಳಿದರೆ, "ಹಸುಗಳು ಬೆಳಗಾಗೋ ಮುಂಚೆ ಏಳ್ತಿದ್ವು, ಇವರು ಮಧ್ಯಾಹ್ನ ಏಳ್ತಾರೆ. ಮಿಕ್ಕಿದ್ದೆಲ್ಲ ಒಂದೇ" ಎನ್ನುತ್ತಾರೆ. ನಾನು ಶಾಲೆ ಬಿಟ್ಟಾಗ ಯಾಕೆ ಎಂದು ಕೇಳದೆ ಏಪ್ರನ್ ಕೊಟ್ಟು ತಮ್ಮ ಜೊತೆ ಕೆಲಸಕ್ಕೆ ಸೇರಿಸಿಕೊಂಡವರು ಅವರೊಬ್ಬರೇ.

ಈ ವಾರ ಬಂದದ್ದು ಲಿಲ್ ನಗರದ ಗೆಳೆಯರ ಗುಂಪು. ಮನೆ ಗೊತ್ತುಮಾಡಿದವಳು ಸೊಲೆನ್, ಜೋರು ಮಾತಿನ ಹೆಂಗಸು. ಅವರಲ್ಲಿ ತೀರ ಸುಮ್ಮನಿದ್ದವನು ಲಾಂಬೆರ್. ಊಟದ ತಟ್ಟೆಯನ್ನು ತಾನೇ ಅಡುಗೆಮನೆಗೆ ತಂದಿಡುತ್ತಿದ್ದ.

ಗುರುವಾರ ಬೆಳಗಿನಿಂದಲೇ ದಕ್ಷಿಣದ ಬೆಚ್ಚಗಿನ ಗಾಳಿ ಬೀಸುತ್ತಿತ್ತು. ನಮ್ಮ ಚಾವಣಿಗಳ ಅಂಚಿಗೆ ಹಿಮ ತಡೆಯಲು ಉದ್ದನೆಯ ಮರದ ದಿಮ್ಮಿ ಇರುತ್ತದೆ. ಈ ಮನೆಯ ಹಿಂಬದಿಯ ದಿಮ್ಮಿಯನ್ನು ದೊಡ್ಡ ಕಿಟಕಿ ಇಡಿಸುವಾಗ ಯಜಮಾನರು ತೆಗೆಸಿದ್ದರು. ಅದಕ್ಕೇ ಅತ್ತೆ ಬೆಳಗ್ಗೆ, "ಪೆರೀನ್, ಹಿಂದುಗಡೆ ಕಾಲಿಡ್ಬೇಡ. ಮೇಲೆ ಹಿಮ ಕೂತಿಲ್ಲ, ಹೊರಡೋಕೆ ನಿಂತಿದೆ" ಎಂದು ನನಗೆ ಹೇಳಿದ್ದರು.

ಸಂಜೆ ಊಟಕ್ಕೆ ಫೊಂದ್ಯೂ. ಕರಗಿದ ಚೀಸಿನ ಪಾತ್ರೆ ನಡುವೆ, ಸುತ್ತ ಎಲ್ಲರ ಕೈಯಲ್ಲೂ ಬ್ರೆಡ್ ಚುಚ್ಚಿದ ಉದ್ದನೆಯ ಫೋರ್ಕು. ಪಾತ್ರೆಯಲ್ಲಿ ಬ್ರೆಡ್ ಬೀಳಿಸಿದವರಿಗೆ ನಮ್ಮಲ್ಲಿ ದಂಡವಿದೆ. ದಂಡ ಏನೆಂದು ಹೇಳುವುದು ಪಾತ್ರೆ ತಂದಿಟ್ಟವರ ಹಕ್ಕು.

"ಬಿತ್ತು, ಲಾಂಬೆರ್‌ದು ಬಿತ್ತು. ಎಲ್ಲರೂ ನೋಡಿದ್ರಲ್ಲ?" ಎಂದಳು ಸೊಲೆನ್.

"ನೀನೇ ನೂಕಿದ್ದು ಕಣೇ."

"ಹೋಗಿ ಕೇಸ್ ಹಾಕು. ಜಡ್ಜಮ್ಮ ಇಲ್ಲೇ ಇದಾರೆ. ಏನ್ ಮೇಡಂ, ಇವನಿಗೆ ಏನು ದಂಡ?"

ಅತ್ತೆ ಪಾತ್ರೆಯ ಕೆಳಗಿನ ಉರಿ ಸರಿಮಾಡುತ್ತಿದ್ದರು. ತಲೆಯೆತ್ತದೆ, ಪ್ರತಿ ವಾರ ಪ್ರತಿ ಗುಂಪಿಗೂ ಹೇಳುವುದನ್ನೇ ಹೇಳಿದರು: "ಬರಿಗಾಲಲ್ಲಿ ಮನೆಗೆ ಒಂದು ಸುತ್ತು. ಓಡಿದ್ರೆ ಲೆಕ್ಕಕ್ಕಿಲ್ಲ, ನಡೀಬೇಕು."

ಲಾಂಬೆರ್ ಕಾಲುಚೀಲ ಕಳಚಿ ಪ್ಯಾಂಟು ಮಡಚಿದ. "ಕಾಲು ಉದುರಿಹೋದ್ರೆ ನನ್ನ ಸ್ಕೀ ನೀನೇ ಇಟ್ಕೋ" ಎಂದು ಸೊಲೆನ್‌ಗೆ ಹೇಳಿ ಹೊರಗೆ ಹೋದ.

ಅತ್ತೆಯೂ ನಾನೂ ಅಡುಗೆಮನೆಗೆ ಬಂದೆವು, ಅವರು ಸೌಟು ತೊಳೆಯಲು ನಿಂತರು. ಅಡುಗೆಮನೆಯ ಕಿಟಕಿ ಇರುವುದು ಹಿಂದುಗಡೆಗೆ. ಹೊರಗೆ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಅವರ ಕೈ ನಿಂತಿತು. ನನ್ನ ಮುಖ ನೋಡಿದರು.

"ಪೆರೀನ್, ನಾನೇನಂದೆ ಅವನಿಗೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ನೆಲ ನಡುಗಿತು. ಕಿಟಕಿಯ ಗಾಜು ಪೂರ್ತಿ ಬೆಳ್ಳಗಾಯಿತು.

ಅತ್ತೆ ಸೌಟು ಹಿಡಿದೇ ಓಡಿದರು. ಊಟದ ಕೋಣೆಯಲ್ಲಿ ಇನ್ನೂ ನಗುತ್ತಿದ್ದರು. "ಬಾಗಿಲ ಹಿಂದೆ ಅಡಗಿರ್ತಾನೆ, ನಮ್ಮನ್ನ ಹೆದರಿಸೋಕೆ" ಎಂದು ಯಾರೋ ಹೇಳಿದರು. ಅತ್ತೆಯ ಮುಖ ನೋಡಿದ ಸೊಲೆನ್ ಮಾತ್ರ ಎದ್ದು ಬಂದಳು.

ಮನೆಯ ಮೂಲೆಯ ತನಕ ಬರಿಗಾಲಿನ ಗುರುತು ಚೆನ್ನಾಗಿ ಕಾಣುತ್ತಿತ್ತು. ಮೂಲೆ ತಿರುಗಿದರೆ ಗೋಡೆಯುದ್ದಕ್ಕೂ ಆಳೆತ್ತರದ ಹಿಮದ ರಾಶಿ. ಆಚೆ ತುದಿಯಲ್ಲಿ ಒಂದು ಹೆಜ್ಜೆಯೂ ಇರಲಿಲ್ಲ. ಮೈಗೆ ಕಟ್ಟಿಕೊಂಡವರು ಹಿಮದಡಿ ಸಿಕ್ಕರೆ ಪತ್ತೆಮಾಡುವ ಯಂತ್ರ ಆ ಗುಂಪಿನ ಎಲ್ಲರ ಬಳಿಯೂ ಇತ್ತು. ಎಲ್ಲವೂ ಸ್ಕೀ ಕೋಣೆಯ ಗೂಟದಲ್ಲಿ ನೇತಾಡುತ್ತಿದ್ದವು, ಲಾಂಬೆರ್‌ನದೂ ಸೇರಿ.

"ಉದ್ದನೆ ಕಡ್ಡಿ ನನ್ನ ಚೀಲದಲ್ಲಿದೆ" ಎಂದು ಸೊಲೆನ್ ಓಡಿದಳು. ಹಿಮದಲ್ಲಿ ಚುಚ್ಚಿ ಹುಡುಕುವ ಮಡಚುವ ಕಡ್ಡಿ ಅದು. ನಾನು ಸಲಿಕೆಗಳನ್ನು ತಂದೆ. ಉಳಿದವರು ಹೊರಗೆ ಬಂದು ಅವನ ಹೆಸರು ಹಿಡಿದು ಕೂಗತೊಡಗಿದರು.

"ಸುಮ್ನಿರಿ ಎಲ್ಲರೂ. ಅವನ ದನಿ ಕೇಳಿಸ್ಬೇಕು. ಒಬ್ಬರು ಫೋನ್ ಮಾಡಿ, ಒಬ್ಬರು ಚಾವಣಿ ನೋಡ್ತಿರಿ" ಎಂದರು ಅತ್ತೆ.

ಯಾವ ದನಿಯೂ ಬರಲಿಲ್ಲ.

ಸೊಲೆನ್ ಚುಚ್ಚುತ್ತ ಹೋದಳು. ಅತ್ತೆ ಪಕ್ಕದಲ್ಲಿ ದೀಪ ಹಿಡಿದಿದ್ದರು. ಕಡ್ಡಿ ಯಾವುದಕ್ಕೋ ತಗಲಿತು. "ಇಲ್ಲಿ" ಎಂದಳು. ಅಗೆದರೆ ಸೌದೆ. ಮತ್ತೆ ತಗಲಿತು. ಅದೂ ಸೌದೆ. ಗೋಡೆಗೆ ಒರಗಿಸಿ ಸೌದೆ ಪೇರಿಸಿದ್ದವಳು ನಾನೇ.

"ಅವನು ನಡೀತಿದ್ದ. ಓಡ್ಬೇಡ ಅಂದಿದ್ದೆ. ಹಿಮ ಬಿದ್ದಾಗ ಇನ್ನೂ ಈ ಕಡೇನೇ ಇದ್ದಿರ್ತಾನೆ" ಎಂದು ಅತ್ತೆ ಹಿಂದೆ ಸರಿದು ಮೂಲೆಯ ಹತ್ತಿರ ತೋರಿಸಿದರು. ಆ ಮಾತು ಹೇಳುವಾಗ ಅವರ ದನಿ ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ.

ಸೊಲೆನ್ ಚುಚ್ಚಿದಳು. "ಇದು ಮೆತ್ತಗಿದೆ."

ಒದ್ದೆ ಹಿಮ ಬಿದ್ದ ಕೂಡಲೇ ಗಟ್ಟಿಯಾಗುತ್ತದೆ. ಸಲಿಕೆ ಒಳಗೆ ಇಳಿಯುತ್ತಿರಲಿಲ್ಲ. ಮೊದಲು ಸಿಕ್ಕಿದ್ದು ಒಂದು ಪಾದ. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಕಾಲು ಬಿಡಿ ಮೇಡಂ, ಮುಖ ಹುಡುಕಿ" ಎಂದು ಸೊಲೆನ್ ಗದರಿದಳು.

ಮುಖ ಸಿಕ್ಕಾಗ ಅದು ನೀಲಿಯಾಗಿತ್ತು. ಅತ್ತೆ ಬೆರಳು ಹಾಕಿ ಬಾಯೊಳಗಿನ ಹಿಮ ತೆಗೆದರು, ಕೆನ್ನೆಗೆ ತಟ್ಟಿದರು. ಏನೂ ಆಗಲಿಲ್ಲ. "ಬಾ ಮಗಾ, ಬಾ" ಎನ್ನುತ್ತ ಮತ್ತೆ ತಟ್ಟಿದರು. ಸೊಲೆನ್ ಅವನ ಬಾಯಿಗೆ ಬಾಯಿಟ್ಟು ಉಸಿರು ಊದಿದಳು, ಮತ್ತೆ ಊದಿದಳು. ಆಮೇಲೆ ಅವನು ಕೆಮ್ಮಿದ. ನಾನು ಕಂಬಳಿ ತರಲು ಓಡಿದೆ.

ಭುಜದ ಮೂಳೆ ಮುರಿದಿದೆ, ಜೀವಕ್ಕೆ ಅಪಾಯವಿಲ್ಲ ಎಂದು ಇವತ್ತು ಬೆಳಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಆಮೇಲೆ ಪೊಲೀಸ್ ಒಬ್ಬರು ಬಂದು ಅಡುಗೆಮನೆಯಲ್ಲಿ ಕೂತು, ಅವನು ಹಿಂದುಗಡೆ ಯಾಕೆ ಹೋದ ಎಂದು ಕೇಳಿದರು.

"ನಮ್ಮದೇ ಹುಡುಗಾಟ ಸಾರ್. ಮೇಡಂ ಇಲ್ದಿದ್ರೆ ಅವನು ಉಳೀತಿರ್ಲಿಲ್ಲ" ಎಂದಳು ಸೊಲೆನ್.

"ಅದು ಆಮೇಲಿನ ಮಾತು. ಮೊದಲಿಂದು ಬರ್ಕೊಳ್ಳಿ" ಎಂದರು ಅತ್ತೆ. "ಕಳಿಸಿದ್ದು ನಾನು. ಹಿಮ ಬೀಳುತ್ತೆ ಅಂತ ಗೊತ್ತಿತ್ತು. ಬೆಳಗ್ಗೆ ಈ ಹುಡುಗೀಗೆ ಎಚ್ಚರಿಕೆ ಹೇಳಿದ್ದೆ. ಸಂಜೆ ಬಾಯಿ ತಾನಾಗೇ ಹೇಳ್ಬಿಡ್ತು."

ಪೊಲೀಸರು ನನ್ನ ಕಡೆ ತಿರುಗಿ, "ಹೌದೇನಮ್ಮ?" ಎಂದರು. ನನಗೆ ದನಿ ಹೊರಡಲಿಲ್ಲ. ನಾಳೆ ಇಬ್ಬರೂ ಠಾಣೆಗೆ ಬನ್ನಿ ಎಂದು ಹೇಳಿ ಎದ್ದು ಹೋದರು.

"ಯಾಕ್ ಹೇಳಿದ್ರಿ? ನಿಮ್ಮ ಕೆಲಸ ಹೋಗುತ್ತೆ" ಎಂದು ಸೊಲೆನ್ ಸಿಟ್ಟಾದಳು.

"ಹೋದ್ರೆ ಹೋಗ್ಲಿ. ಅವನ ತಾಯಿ ಸಂಜೆ ರೈಲಿಗೆ ಬರ್ತಿದಾರೆ. ಅವರ ಎದುರು ಕೂತು ಏನಂತ ಹೇಳ್ಲಿ?" ಎಂದು ಅತ್ತೆ ಆಲೂಗಡ್ಡೆ ಸಿಪ್ಪೆ ತೆಗೆಯತೊಡಗಿದರು.

ಯಜಮಾನರು ಇನ್ನೂ ಏನೂ ಹೇಳಿಲ್ಲ. ನಾಳೆ ಬೆಳಗ್ಗೆ ನಾನು ಅತ್ತೆಯ ಜೊತೆ ಠಾಣೆಗೆ ಹೋಗಿ, ಪೊಲೀಸರು ಕೇಳಿದ್ದಕ್ಕೆ ಬಾಯಿಬಿಟ್ಟು ಹೌದು ಎನ್ನುತ್ತೇನೆ, ಯಜಮಾನರು ಚಾವಣಿಯಿಂದ ಆ ದಿಮ್ಮಿ ತೆಗೆಸಿದ್ದನ್ನೂ ಹೇಳುತ್ತೇನೆ.