ಒಂದಾತು, ಉಳಿದವು?

ಡೊಂಬಿವಲಿಯ ನಮ್ಮ ಟ್ಯೂಷನ್ ಟೀಚರ್ ಧಾರವಾಡ ಕಡೆಯವರು. ಇಂಗ್ಲಿಷ್ ಬಹುವಚನ ಕಲಿಸಲು ಅವರಿಗೆ ಬಲಗೈ ಸಾಕಿತ್ತು. ಒಂದು ಬೆರಳೆತ್ತಿದರೆ ಏಕವಚನ, ಐದೂ ಬಿಚ್ಚಿದರೆ ಬಹುವಚನ. ‘ಜಾಯ್’ ಅಂದರೆ ನಾವು ‘ಜಾಯ್ಸ್’ ಅನ್ನಬೇಕು, ‘ಫಿಯರ್’ ಅಂದರೆ ‘ಫಿಯರ್ಸ್’. ‘ಆ್ಯಂಗರ್’ ಬಂದಾಗ ಮಾತ್ರ ಮುಷ್ಟಿ ಬಿಗಿದು, “ಸಿಟ್ಟು ಒಂದ ಸಾಕು, ಮುಂದ ನಡೀರಿ” ಅನ್ನುತ್ತಿದ್ದರು. ಯಾರಾದರೂ ನಡುವೆ ತಡವರಿಸಿದರೆ, “ಒಂದಾತು, ಉಳಿದವು?”

ಮೂಗಿನಿಂದ ಹೊರಡುವ ಆ ದನಿಯನ್ನು ನಾನು ಮೆಟ್ಟಿಲ ಮೇಲೆ ಅಣಕಿಸುತ್ತಿದ್ದೆ. ನನ್ನದಿನ್ನೂ ಒಡೆಯದ ಗಂಟಲು. ಸ್ವಂತ ದನಿಗಿಂತ ಅದೇ ಚೆನ್ನಾಗಿ ಕೂರುತ್ತಿತ್ತು.

ಪರೀಕ್ಷೆಗೆ ಮುಂಚಿನ ವಾರ ಟೀಚರ್ ಗಂಟಲು ಕಟ್ಟಿತು. ಡಾಕ್ಟರು ಮಾತೇ ಬೇಡ ಅಂದರು. ಹೀಗಾದರೆ ಮಕ್ಕಳನ್ನು ಸ್ಟೇಷನ್ ಹತ್ತಿರದ ದೊಡ್ಡ ಕ್ಲಾಸಿಗೆ ಹಾಕುತ್ತೇವೆಂದು ಅಮ್ಮಂದಿರು ಹೇಳಿದರು. ಮುಂದಾಳು ನನ್ನಮ್ಮನೇ.

ಮೆಟ್ಟಿಲ ಮೇಲಿನ ನನ್ನ ಅಣಕ ಟೀಚರ್ ಕಿವಿಗೂ ಬಿದ್ದಿತ್ತು. ಮರುದಿನ ಅವರು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ತಮ್ಮ ಗಂಟಲು ಮುಟ್ಟಿ, ನನ್ನತ್ತ ಬೆರಳು ತೋರಿಸಿದರು. ಅವರ ಕೈ, ನನ್ನ ಬಾಯಿ, ಪಾಠ ಓಡಿತು. ಅಷ್ಟರಲ್ಲಿ ಮುಚ್ಚಿದ ಬಾಗಿಲಾಚೆ ಅಮ್ಮನ ದನಿ:

“ಟೀಚರ್, ದನಿ ಬಂತಲ್ರೀ! ಇನ್ನ ಎಲ್ಲೂ ಕಳಸೂದಿಲ್ಲ ಬಿಡ್ರಿ. ನಮ್ಮಾಂವ ಹೆಂಗಿದ್ದಾನ?”

“ಭಾಳ ಶಾಣ್ಯಾ ಹುಡುಗ ರೀ!” ಅಂದೆ, ಮೂಗಿನಿಂದಲೇ.

ಟೀಚರ್ ಬಾಯಿಗೆ ಸೆರಗೊತ್ತಿ, ಭುಜ ಕುಣಿಯುವಷ್ಟು ನಕ್ಕರು. ಕ್ಲಾಸು ಬಿಟ್ಟ ಮೇಲೆ ನನ್ನ ಅಂಗೈಗೊಂದು ಪೇಡೆ ಇಟ್ಟರು.

“ಒಂದಾತು, ಉಳಿದವು?” ಅಂದೆ, ಅವರದೇ ದನಿಯಲ್ಲಿ.

ಅವರು ಮುಷ್ಟಿ ಬಿಗಿದು ಹೆದರಿಸಿದರು. ಆಮೇಲೆ ಡಬ್ಬಿಯನ್ನೇ ನನ್ನ ಮುಂದಿಟ್ಟರು.